ಅತ್ತೆಯ ಡೈರಿ, ಅತ್ತೆಯ ಕರಿಕೋಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ವಕೀಲಿ ವೃತ್ತಿಯಲ್ಲಿದ್ದ ಅತ್ತೆಯನ್ನೋ ಚಿಕ್ಕಮ್ಮನನ್ನೋ ಗೆಳತಿಯನ್ನೋ ಕಳೆದುಕೊಂಡವರು ಬರೆದ ಪತ್ರಗಳು ಈ ಸಲ ಒಟ್ಟಿಗೆ ಸೇರಿವೆ. ಅವರನ್ನು ನೆನೆಯುವ ಬಗೆ ಒಂದು ಪ್ರಶ್ನೆ, ಅವರು ಬಿಟ್ಟುಹೋದ ಕಾಗದಪತ್ರ ಇನ್ನೊಂದು. ಎರಡೂ ಒಂದೇ ಬೀರುವಿನಲ್ಲಿರುವುದರಿಂದ ಒಟ್ಟಿಗೇ ಉತ್ತರಿಸಿದ್ದೇವೆ.

ನಮ್ಮ ಸೋದರತ್ತೆ 38 ವರ್ಷ ವಕೀಲಿ ಮಾಡಿ ಹೋದ ತಿಂಗಳು ತೀರಿಕೊಂಡರು. ಮದುವೆ ಆಗಿರಲಿಲ್ಲ, ನಮ್ಮ ಜೊತೆಗೇ ಇದ್ದರು. ಪೇಪರಿಗೆ ಒಂದು ಲೇಖನ ಬರಿ ಅಂತ ಎಲ್ಲರೂ ನನಗೇ ಹೇಳಿದ್ದಾರೆ. ಬರೆಯಲು ಕೂತರೆ 'ಸರಳ ಸಜ್ಜನಿಕೆ, ಬಡವರ ಬಂಧು' ಬಿಟ್ಟು ಬೇರೇನೂ ಹೊಳೆಯುವುದಿಲ್ಲ. ಕೋರ್ಟಿನಲ್ಲಿ ಅವರು ಏನು ಮಾಡುತ್ತಿದ್ದರು ಅನ್ನುವುದೇ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. — ಸೋದರ ಸೊಸೆ, ಧಾರವಾಡ

ಡೈರಿಯಿಂದ ಶುರು ಮಾಡಿ. ವಕೀಲರ ಮನೆಯಲ್ಲಿ ಫೋಟೊ ಆಲ್ಬಂ ಇಲ್ಲದೆ ಇರಬಹುದು, ಡೈರಿ ಇಲ್ಲದೆ ಇರುವುದಿಲ್ಲ. ವರ್ಷಕ್ಕೊಂದರಂತೆ ದಪ್ಪ ರಟ್ಟಿನವು, ಬೀರುವಿನ ಕೆಳಗಿನ ಅಂಕಣದಲ್ಲೋ ಅಟ್ಟದ ಮೇಲೋ ಸಾಲಾಗಿ ಇರುತ್ತವೆ. ರದ್ದಿಗೆ ಹಾಕುವ ಮೊದಲು ಕೈಗೆತ್ತಿಕೊಳ್ಳಿ.

ದಿನಕ್ಕೊಂದು ಪುಟ. ಎಡಕ್ಕೆ ಹಿಂದಿನ ವಾಯಿದೆ, ಮಧ್ಯದಲ್ಲಿ ಕೇಸಿನ ನಂಬರು, ಕಕ್ಷಿದಾರರ ಹೆಸರು, ಆ ದಿನ ಕೇಸು ಯಾವ ಹಂತದಲ್ಲಿತ್ತು ಅನ್ನುವ ಒಂದೆರಡು ಪದ, ಬಲತುದಿಗೆ ಮುಂದಿನ ವಾಯಿದೆ. 1997ರ ಮಾರ್ಚ್ 17ರ ಪುಟದಲ್ಲಿ ಹೀಗೊಂದು ಸಾಲಿದೆ ಅಂದುಕೊಳ್ಳಿ: '10/2 — ಓ.ಎಸ್. 41/95 — ಪಿ.ಡಬ್ಲ್ಯೂ. 1 ಕ್ರಾಸ್ — 9/4'. ಅರ್ಥ ಇಷ್ಟು: 1995ರಲ್ಲಿ ದಾಖಲಾದ 41ನೆಯ ಸಿವಿಲ್ ದಾವೆ, ಫೆಬ್ರವರಿ 10ರಂದು ಮುಂದಕ್ಕೆ ಹೋಗಿತ್ತು, ಈ ದಿನ ವಾದಿಯ ಕಡೆಯ ಮೊದಲ ಸಾಕ್ಷಿಯ ಪಾಟೀಸವಾಲು, ಮುಂದಿನ ತಾರೀಖು ಏಪ್ರಿಲ್ 9. ಈಗ ಅದೇ ನಂಬರನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಡೈರಿ ತಿರುವುತ್ತಾ ಹೋಗಿ. ಪ್ರತಿ ಸಾಲೂ ಮುಂದಿನ ಪುಟ ಯಾವುದೆಂದು ತಾನೇ ಹೇಳುತ್ತದೆ. ಫೈಸಲಾಗುವ ಹೊತ್ತಿಗೆ ಎಷ್ಟು ವಾಯಿದೆ ಆಯಿತು, ಎಣಿಸಿ. 'ಒಂದು ಪಾಲಿನ ದಾವೆಗಾಗಿ 11 ವರ್ಷದಲ್ಲಿ 63 ಸಲ ಕೋರ್ಟಿಗೆ ಹಾಜರಾದರು' ಎಂದು ಬರೆಯಲು ಸಿಕ್ಕರೆ 'ಕರ್ತವ್ಯನಿಷ್ಠೆ' ಎಂಬ ಪದ ಬೇಕಾಗುವುದೇ ಇಲ್ಲ.

ಸಂಕ್ಷೇಪಗಳು ಗೊತ್ತಿದ್ದರೆ ಸಾಕು, ಡೈರಿ ತಾನಾಗಿ ಮಾತಾಡುತ್ತದೆ. ಓ.ಎಸ್. ಅಂದರೆ ಮೂಲ ದಾವೆ, ಆರ್.ಎ. ಜಿಲ್ಲಾ ಮಟ್ಟದ ಮೇಲ್ಮನವಿ, ಆರ್.ಎಫ್.ಎ. ಮತ್ತು ಆರ್.ಎಸ್.ಎ. ಹೈಕೋರ್ಟಿನವು, ಎಂ.ಸಿ. ಗಂಡ ಹೆಂಡಿರ ವ್ಯಾಜ್ಯ, ಎಂ.ವಿ.ಸಿ. ವಾಹನ ಅಪಘಾತದ ಪರಿಹಾರ, ಸಿ.ಸಿ. ಮ್ಯಾಜಿಸ್ಟ್ರೇಟರ ಮುಂದಿನ ಕ್ರಿಮಿನಲ್ ಕೇಸು, ಎಸ್.ಸಿ. ಸೆಷನ್ಸ್ ಕೇಸು, ಇ.ಪಿ. ಡಿಕ್ರಿ ಜಾರಿ. ಐದು ವರ್ಷಕ್ಕೊಂದು ಡೈರಿ ತೆಗೆದು ಒಂದು ತಿಂಗಳಲ್ಲಿ ಯಾವುದು ಎಷ್ಟು ಬಂದಿದೆ ಎಂದು ಎಣಿಸಿದರೆ ವೃತ್ತಿ ಹೇಗೆ ಹೊರಳಿತು ಅನ್ನುವುದು ಕಾಣುತ್ತದೆ. ಮೊದಲ ವರ್ಷಗಳಲ್ಲಿ ಸೀನಿಯರ್ ಪರವಾಗಿ ವಾಯಿದೆ ಕೇಳಿದ್ದೇ ಹೆಚ್ಚಿದ್ದರೆ ಬೇಸರ ಬೇಡ. ಎಲ್ಲ ವಕೀಲರ ಮೊದಲ ಡೈರಿಗಳೂ ಹಾಗೇ ಇರುತ್ತವೆ.

ಆಮೇಲೆ ಆ ಕಾಲದ ಕಾನೂನನ್ನು ಪಕ್ಕಕ್ಕಿಟ್ಟುಕೊಳ್ಳಿ. ಒಂದೇ ಉದಾಹರಣೆ: ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರ ಜುಲೈ 30ಕ್ಕೇ ಜಾರಿಗೆ ಬಂತು. ಆದರೆ ಅದಕ್ಕೂ ಮೊದಲು ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತ್ತು. ಆ ಅಡ್ಡಿ ಹೋದದ್ದು 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿಯಿಂದ. ನಿಮ್ಮ ಅತ್ತೆಯ ಡೈರಿಯಲ್ಲಿ 1995ರ ನಂತರ ಮತ್ತು 2006ರ ನಂತರ ಪಾಲಿನ ದಾವೆಗಳು ಒಮ್ಮೆಲೇ ಏರಿದ್ದರೆ ಕಾರಣ ಇದೇ ಇರಬಹುದು. ಮದುವೆಯಾದ ವರ್ಷದ ಲೆಕ್ಕದಲ್ಲಿ ಅಕ್ಕನಿಗೆ ಪಾಲಿಲ್ಲ, ತಂಗಿಗೆ ಇದೆ ಅನ್ನುವ ಮಾತನ್ನು ಕಕ್ಷಿದಾರರಿಗೆ ಬಿಡಿಸಿ ಹೇಳುವುದು ಆ 11 ವರ್ಷ ಇಂಥ ವಕೀಲರ ಕೆಲಸದ ದೊಡ್ಡ ಭಾಗವಾಗಿತ್ತು. ಲೇಖನದಲ್ಲಿ ಇದಕ್ಕೊಂದು ಪ್ಯಾರಾ ಕೊಡಿ.

ತಾರೀಖುಗಳಿಗೆ ಸನ್ನದು ನೋಡಿ. ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಪತ್ರದಲ್ಲಿ 'ಕೆಎಆರ್', ಸಂಖ್ಯೆ, ವರ್ಷ ಈ ಕ್ರಮದಲ್ಲಿ ನಂಬರು ಇರುತ್ತದೆ. ವೃತ್ತಿಯ ವರ್ಷಗಳನ್ನು ಅಲ್ಲಿಂದ ಎಣಿಸಬೇಕು, ಎಲ್‌ಎಲ್‌.ಬಿ. ಮುಗಿಸಿದ ವರ್ಷದಿಂದಲ್ಲ. ಈ ಎರಡನ್ನು ಕಲಸಿದ್ದಕ್ಕೇ ಎಷ್ಟೋ ಶ್ರದ್ಧಾಂಜಲಿಗಳಲ್ಲಿ ಲೆಕ್ಕ ತಪ್ಪಿರುತ್ತದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರಿನಿಂದಲೂ ನೋಂದಣಿ ಸಂಖ್ಯೆಯಿಂದಲೂ ಹುಡುಕಬಹುದು. ಇನಿಶಿಯಲ್ ಮೊದಲು, ಕೊನೆಗೆ, ಚುಕ್ಕಿ ಇಟ್ಟು, ಇಡದೆ, ನಾಲ್ಕೂ ಬಗೆಯಲ್ಲಿ ಹುಡುಕಿ, ಏಕೆಂದರೆ ನಮೂದಿಸಿದವರು ಹೇಗೆ ಬರೆದರೋ ಹಾಗೇ ಸಿಗುತ್ತದೆ. ಹಳೆಯ ಕೇಸುಗಳೆಲ್ಲ ಅಲ್ಲಿರುವುದಿಲ್ಲ. ಹೈಕೋರ್ಟಿನಲ್ಲಿ ವಾದಿಸಿದ್ದರೆ ಐ.ಎಲ್‌.ಆರ್. ಕರ್ನಾಟಕದಂಥ ವರದಿ ಸಂಪುಟಗಳಲ್ಲಿ ತೀರ್ಪಿನ ತಲೆಯಲ್ಲೇ ಎರಡೂ ಕಡೆಯ ವಕೀಲರ ಹೆಸರು ಅಚ್ಚಾಗಿರುತ್ತದೆ.

ಇನ್ನು ಜನ. ಮೊದಲು ಗುಮಾಸ್ತರ ಹತ್ತಿರ ಹೋಗಿ. ಆಮೇಲೆ ಜೂನಿಯರುಗಳು, ಟೈಪಿಸ್ಟು, ಕೊನೆಗೆ ಎದುರು ಪಕ್ಷದಲ್ಲಿ ಹೆಚ್ಚು ಸಲ ನಿಂತ ವಕೀಲರು. ಈ ಕೊನೆಯವರ ಮಾತಿಗೆ ತೂಕ ಜಾಸ್ತಿ. 'ಹೇಗಿದ್ದರು' ಎಂದು ಕೇಳಿದರೆ 'ತುಂಬ ಒಳ್ಳೆಯವರು' ಎಂಬ ಉತ್ತರವೇ ಬರುವುದು. ಹೀಗೆ ಕೇಳಿ: ಪಾಟೀಸವಾಲಿನಲ್ಲಿ ಮೊದಲು ಏನು ಕೇಳುತ್ತಿದ್ದರು? ಫೀಸು ಬಾಯಲ್ಲಿ ಹೇಳುತ್ತಿದ್ದರೋ, ಚೀಟಿಯಲ್ಲಿ ಬರೆದು ಕೊಡುತ್ತಿದ್ದರೋ? ದಾವಾಪತ್ರ ಕೈಯಲ್ಲಿ ಬರೆಯುತ್ತಿದ್ದರೋ, ಹೇಳಿ ಬರೆಸುತ್ತಿದ್ದರೋ? ಯಾವ ಬಗೆಯ ಕೇಸು ತೆಗೆದುಕೊಳ್ಳುತ್ತಿರಲಿಲ್ಲ? ಸೋತ ದಿನ ಏನು ಮಾಡುತ್ತಿದ್ದರು?

ದಿನಪತ್ರಿಕೆಗೆ 500ರಿಂದ 600 ಪದ ಸಾಕು. ಅದರಲ್ಲಿ ಮೂರನೆಯ ಒಂದು ಭಾಗ ಮನೆಯ ಅತ್ತೆಗೆ ಬಿಡಿ, ಆದರೆ ಅಲ್ಲೂ ಇದೇ ಪಥ್ಯ. 'ನಮ್ಮನ್ನೆಲ್ಲ ಮಕ್ಕಳಂತೆ ಸಾಕಿದರು' ಅನ್ನುವುದರ ಬದಲು ಯಾರ ಕಾಲೇಜು ಫೀಸು, ಯಾವ ವರ್ಷ, ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದು ಫೈಲು ಓದುತ್ತಿದ್ದರು, ಕೋರ್ಟಿನ ಬೇಸಿಗೆ ರಜೆಯಲ್ಲಿ ಏನು ಮಾಡುತ್ತಿದ್ದರು, ಇಂಥವು ಇರಲಿ.

ಚಿಕ್ಕಮ್ಮ ನಡೆಸಿದ ಒಂದು ವಿಚ್ಛೇದನದ ಕೇಸು, ಅತ್ಯಾಚಾರಕ್ಕೊಳಗಾದ ಹುಡುಗಿಯೊಬ್ಬಳ ಪರ ನಿಂತ ಇನ್ನೊಂದು ಕೇಸು ಊರಿಗೆಲ್ಲ ಗೊತ್ತು. ಎರಡೂ ಮುಗಿದು 20 ವರ್ಷವಾಯಿತು. ಸ್ಮರಣ ಸಂಚಿಕೆಯಲ್ಲಿ ಹೆಸರು ಹಾಕಬಹುದೇ? — ಅಕ್ಕನ ಮಗ, ಮೈಸೂರು

ಬೇಡ. ಊರಿಗೆ ಗೊತ್ತಿರುವುದು ಬೇರೆ, ಅಚ್ಚಾಗುವುದು ಬೇರೆ.

ಅತ್ಯಾಚಾರಕ್ಕೊಳಗಾದವರ ಗುರುತು ಹೊರಗೆಡಹುವುದು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಡಿ ಅಪರಾಧ, 2 ವರ್ಷದವರೆಗೆ ಸಜೆ ಇದೆ. ಹಳೆಯ ದಂಡ ಸಂಹಿತೆಯಲ್ಲಿ ಇದೇ 228ಎ ಆಗಿತ್ತು. ವರ್ಷ ಕಳೆಯಿತೆಂದು ವಿನಾಯಿತಿ ಇಲ್ಲ. ಹುಡುಗಿ ಆಗ ಅಪ್ರಾಪ್ತಳಾಗಿದ್ದರೆ ಇನ್ನೂ ಬಿಗಿ. ಹಿಂದೂ ವಿವಾಹ ಕಾಯ್ದೆಯ 22ನೆಯ ಕಲಮು ವಿಚ್ಛೇದನದ ನಡವಳಿಗಳನ್ನು ಮುದ್ರಿಸುವುದನ್ನೇ ನಿಷೇಧಿಸುತ್ತದೆ. ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿನ ತೀರ್ಪನ್ನು ಕೋರ್ಟಿನ ಅನುಮತಿಯಿಂದ ಪ್ರಕಟಿಸಿದರೆ ಮಾತ್ರ ಅಡ್ಡಿಯಿಲ್ಲ. ದಂಡ 1,000 ರೂಪಾಯಿವರೆಗೆ ಎಂದು ಕೇಳಿ ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಹೆಂಗಸಿಗೆ ಈಗ ಬೇರೆ ಸಂಸಾರ ಇರಬಹುದು.

ಇದಲ್ಲದೆ ಕಕ್ಷಿದಾರರು ವಕೀಲರಿಗೆ ಹೇಳಿಕೊಂಡ ಮಾತು. ಅದನ್ನು ವಕೀಲರು ಹೊರಗೆ ಹೇಳುವಂತಿಲ್ಲ ಎಂಬ ನಿಯಮ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನಲ್ಲಿದೆ. ಕೇಸು ಮುಗಿದ ಮೇಲೂ ಅದು ನಿಲ್ಲುತ್ತದೆ, ಗುಮಾಸ್ತರಿಗೂ ಅನ್ವಯಿಸುತ್ತದೆ. ಕಲಮಿನ ಅಕ್ಷರ ಅಕ್ಕನ ಮಗನನ್ನು ಹಿಡಿಯದೆ ಹೋಗಬಹುದು. ಆದರೆ ಆ ಗುಟ್ಟು ಚಿಕ್ಕಮ್ಮನ ಆಸ್ತಿಯಾಗಿರಲಿಲ್ಲ, ಆದ್ದರಿಂದ ನಿಮಗೆ ಬಳುವಳಿಯಾಗಿ ಬರುವುದೂ ಇಲ್ಲ.

ಹೆಸರು ಬದಲಿಸಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ಸಾಲದು. 'ತಾಲ್ಲೂಕು ಆಸ್ಪತ್ರೆಯ ನರ್ಸ್ ಒಬ್ಬರು, 2003ರಲ್ಲಿ, ಡ್ರೈವರ್ ಗಂಡನ ಮೇಲೆ' ಎಂದು ಬರೆದರೆ ಹೆಸರಿನ ಅಗತ್ಯವೇ ಉಳಿಯಲಿಲ್ಲ. ಹೆಸರು, ಊರು, ವರ್ಷ, ಉದ್ಯೋಗ ನಾಲ್ಕನ್ನೂ ತೆಗೆಯಿರಿ. ವಕೀಲರು ಮಾಡಿದ್ದನ್ನು ಮಾತ್ರ ಇಡಿ. 'ಗಂಡನ ಸಂಬಳದ ದಾಖಲೆ ಸಿಗದೆ ಜೀವನಾಂಶದ ಅರ್ಜಿ ನಿಂತುಹೋಗಿದ್ದ ಒಂದು ಕೇಸಿನಲ್ಲಿ, ಅವನ ಕಚೇರಿಯಿಂದಲೇ ಸಂಬಳದ ಪಟ್ಟಿ ತರಿಸಲು ಅರ್ಜಿ ಹಾಕಿ, ಮೂರು ವಾಯಿದೆಯಲ್ಲಿ ಮಧ್ಯಂತರ ಆದೇಶ ಪಡೆದರು.' ಇದರಲ್ಲಿ ಯಾರ ಗುರುತೂ ಇಲ್ಲ, ನಿಮ್ಮ ಚಿಕ್ಕಮ್ಮ ಪೂರ್ತಿ ಇದ್ದಾರೆ.

'ನಮ್ಮ ಜಿಲ್ಲೆಯ ಮೊದಲ ಮಹಿಳಾ ವಕೀಲರು' ಎಂದು ದೊಡ್ಡತ್ತೆಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಕಲ್ಲಿನ ಮೇಲೆ ಕೆತ್ತಿಸಬಹುದೇ? — ಮನೆಯವರು, ಬಳ್ಳಾರಿ

ಕೆತ್ತಿಸುವ ಮೊದಲು ಮೂರು ಕಡೆ ನೋಡಿ. ವಕೀಲರ ಸಂಘದ ಹಳೆಯ ಸದಸ್ಯರ ಪುಸ್ತಕ, ರಾಜ್ಯ ವಕೀಲರ ಪರಿಷತ್ತಿನ ವರ್ಷವಾರು ಪಟ್ಟಿ, ಜಿಲ್ಲಾ ನ್ಯಾಯಾಲಯದ ಹಳೆಯ ತೀರ್ಪುಗಳಲ್ಲಿ ವಕೀಲರ ಹೆಸರು.

ತೊಡಕು ಎಲ್ಲಿ ಬರುತ್ತದೆಂದರೆ, ಪರಿಷತ್ತು ಹುಟ್ಟಿದ್ದೇ 1961ರ ವಕೀಲರ ಕಾಯ್ದೆಯಿಂದ. ಅದಕ್ಕೂ ಹಿಂದಿನವರ ದಾಖಲೆ ಆಗ ಊರು ಯಾವ ಆಡಳಿತದಲ್ಲಿತ್ತೋ ಅಲ್ಲಿನದು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಮಂಗಳೂರು 1956ರವರೆಗೂ ಮದ್ರಾಸೇ. ಧಾರವಾಡ, ಬೆಳಗಾವಿ, ಕಾರವಾರ ಮುಂಬಯಿ. ಕಲಬುರಗಿ, ರಾಯಚೂರು, ಬೀದರ್ ಹೈದರಾಬಾದು. ಇಂಥ ಊರುಗಳಲ್ಲಿ ನಿಮ್ಮ ಅತ್ತೆಗಿಂತ ಮೊದಲು ಒಬ್ಬರು ಸನ್ನದು ಪಡೆದು ನಾಲ್ಕು ವರ್ಷ ವಾದಿಸಿ, ಮದುವೆಯಾಗಿ ಬೇರೆ ಊರಿಗೆ ಹೋಗಿರಬಹುದು. ಯಾರಿಗೂ ನೆನಪಿರುವುದಿಲ್ಲ. ಹೆಂಗಸರು ವಕೀಲರಾಗಲು ಅಡ್ಡಿಯಿಲ್ಲವೆಂದು ಕಾಯ್ದೆಯೇ ಆದದ್ದು 1923ರಲ್ಲಿ. ಅದಕ್ಕೂ ಮುಂಚೆ 1916ರಲ್ಲಿ ಕಲ್ಕತ್ತಾ ಹೈಕೋರ್ಟು ರೆಜಿನಾ ಗುಹಾ ಅವರ ಅರ್ಜಿಯನ್ನು ತಳ್ಳಿಹಾಕಿತ್ತು. 1921ರಲ್ಲಿ ಅಲಹಾಬಾದ್ ಹೈಕೋರ್ಟು ಕಾರ್ನೇಲಿಯಾ ಸೊರಾಬ್ಜಿಯವರನ್ನು ಸೇರಿಸಿಕೊಂಡಿತು. ಆ ಹೊತ್ತಿನಿಂದ ನಿಮ್ಮ ಅತ್ತೆಯವರೆಗೆ ನಡುವೆ ಬಹಳ ವರ್ಷಗಳಿವೆ.

ದಾಖಲೆ ಸಿಗದಿದ್ದರೆ 'ಬಳ್ಳಾರಿಯ ಮೊದಲ ತಲೆಮಾರಿನ ಮಹಿಳಾ ವಕೀಲರಲ್ಲಿ ಒಬ್ಬರು' ಎಂದು ಕೆತ್ತಿಸಿ. ಯಾರೂ ಬಂದು ಅಳಿಸಲಾರರು.

'ಹಿರಿಯ ವಕೀಲರು' ಅನ್ನುವುದೂ ಇಂಥದ್ದೇ ಒಂದು ಗುಂಡಿ. ವಯಸ್ಸಿನ ಗೌರವಕ್ಕೆ ನಾವು ಸಲೀಸಾಗಿ ಬಳಸುತ್ತೇವೆ. ಆದರೆ ವಕೀಲರ ಕಾಯ್ದೆಯ 16ನೆಯ ಕಲಮಿನಡಿ ಹೈಕೋರ್ಟೋ ಸುಪ್ರೀಂ ಕೋರ್ಟೋ ಕೊಡುವ ಪದವಿಗೂ ಕನ್ನಡದಲ್ಲಿ ಅದೇ ಹೆಸರು. ಆ ಪದವಿ ಇಲ್ಲದವರಿಗೆ ಸಂಘದ ಶೋಕ ನಿರ್ಣಯದಲ್ಲಿ ಆ ಮಾತು ಹಾಕಿದರೆ ಸಭೆಯಲ್ಲೇ ಪಿಸುಮಾತು ಏಳುತ್ತದೆ. '38 ವರ್ಷ ವೃತ್ತಿಯಲ್ಲಿದ್ದ ವಕೀಲರು' ಅಂದರೆ ಜಗಳವಿಲ್ಲ.

ಅವಳು ನನಗೆ ಹೈಸ್ಕೂಲಿನಿಂದ ಗೆಳತಿ. ನುಡಿನಮನದಲ್ಲಿ ಐದು ನಿಮಿಷ ಮಾತಾಡಲು ಹೇಳಿದ್ದಾರೆ. ಜಡ್ಜುಗಳೂ ಇರುತ್ತಾರಂತೆ. 'ಅವಳು' ಅನ್ನಬೇಕೋ 'ಅವರು' ಅನ್ನಬೇಕೋ? ಗಂಟಲು ಕಟ್ಟಿದರೆ ಏನು ಮಾಡಲಿ? — ಗೆಳತಿ, ಉಡುಪಿ

'ಅವಳು' ಅನ್ನಿ. ಆ ಸಭೆಯಲ್ಲಿ ಬೇರೆ ಎಲ್ಲರೂ 'ಅವರು' ಅನ್ನುತ್ತಾರೆ. ಏಕವಚನದ ಹಕ್ಕು ಇರುವುದು ನಿಮಗೊಬ್ಬರಿಗೇ. ಮೊದಲ ವಾಕ್ಯದಲ್ಲೇ 'ಎಂಟನೇ ಕ್ಲಾಸಿನಿಂದ ನನಗೆ ಅವಳು ಅವಳೇ, ಇವತ್ತೂ ಹಾಗೇ ಕರೆಯುತ್ತೇನೆ' ಎಂದು ಹೇಳಿಬಿಡಿ, ಆಮೇಲೆ ಮಧ್ಯದಲ್ಲಿ ಬದಲಿಸಬೇಡಿ. ಒಂದು ವಾಕ್ಯದಲ್ಲಿ 'ಅವಳು', ಮುಂದಿನದರಲ್ಲಿ 'ಅವರು' ಬಂದರೆ ಕೇಳುವವರಿಗೆ ಇಬ್ಬರು ಬೇರೆಬೇರೆಯವರ ಕಥೆಯಂತೆ ಕಾಣುತ್ತದೆ. ಬರೆದು ಅಚ್ಚಿಗೆ ಕೊಡುವಾಗ ಮಾತ್ರ 'ಅವರು' ಒಳ್ಳೆಯದು.

ನಿಧಾನವಾಗಿ ಮಾತಾಡಿದರೆ ಕನ್ನಡದಲ್ಲಿ ನಿಮಿಷಕ್ಕೆ 90ರಿಂದ 100 ಪದ. ಐದು ನಿಮಿಷಕ್ಕೆ 450 ಬರೆದುಕೊಳ್ಳಿ, ತಡವರಿಸಲು ಜಾಗ ಉಳಿಯುತ್ತದೆ. ದೊಡ್ಡ ಅಕ್ಷರದಲ್ಲಿ, ಹಾಳೆಯ ಒಂದೇ ಮಗ್ಗುಲಲ್ಲಿ, ಪುಟದ ಕೊನೆಗೆ ವಾಕ್ಯ ಮುಗಿಯುವಂತೆ ಬರೆಯಿರಿ. ಗಂಟಲು ಕಟ್ಟುವ ಜಾಗ ಯಾವುದೆಂದು ಮನೆಯಲ್ಲಿ ಎರಡು ಸಲ ಜೋರಾಗಿ ಓದಿದರೆ ಗೊತ್ತಾಗುತ್ತದೆ. ಸಾಮಾನ್ಯವಾಗಿ ಅದು ಆಸ್ಪತ್ರೆಯ ಕೊನೆಯ ದಿನಗಳ ವಾಕ್ಯ. ಅದನ್ನು ತೆಗೆದುಬಿಡಿ, ಆ ವಿಷಯ ಸಭೆಗೆ ಗೊತ್ತೇ ಇದೆ. ಇನ್ನೊಂದು ಪ್ರತಿಯನ್ನು ಮುಂದಿನ ಸಾಲಿನಲ್ಲಿ ಕೂರುವವರೊಬ್ಬರ ಕೈಲಿ ಕೊಟ್ಟಿರಿ. ನಿಮ್ಮಿಂದ ಆಗದಿದ್ದರೆ ಅವರು ಎದ್ದು ಓದಲಿ. ಸಭೆಯಲ್ಲಿ ವಕೀಲರೇ ಹೆಚ್ಚಿರುವುದರಿಂದ ಕೋರ್ಟಿನ ಸಂಗತಿ ಅವರಿಗೆ ಬಿಟ್ಟು, ಕರಿಕೋಟು ಇಲ್ಲದಾಗ ಅವಳು ಹೇಗಿದ್ದಳು ಎಂದು ಹೇಳಿ. ಅದು ಅವರಿಗೆ ಗೊತ್ತಿಲ್ಲದ ಭಾಗ.

'ದಿವಂಗತ', 'ಕೀರ್ತಿಶೇಷ', 'ಲಿಂಗೈಕ್ಯ' ಇವುಗಳಲ್ಲಿ ಯಾವುದು ಸರಿ? — ಹಾವೇರಿ

ಲಿಂಗಾಯತ ಮನೆತನವಾದರೆ 'ಲಿಂಗೈಕ್ಯ'. ಉಳಿದಂತೆ 'ದಿವಂಗತ' ಹೆಚ್ಚು ಬಳಕೆಯಲ್ಲಿದೆ. 'ಕೀರ್ತಿಶೇಷ' ಸಾಹಿತಿ ಕಲಾವಿದರಿಗೆ ಒಗ್ಗುತ್ತದೆ. ಲೇಖನದ ಒಳಗೆ ಇವ್ಯಾವುದೂ ಬೇಡ. 'ತೀರಿಕೊಂಡರು' ಎಂದು ಒಮ್ಮೆ ಬರೆದು, ಆಮೇಲೆ ಹೆಸರು ಹಿಡಿದೇ ಹೇಳುತ್ತಾ ಹೋಗಿ. 'ಅಗಲಿದ ಚೇತನ', 'ತುಂಬಲಾರದ ನಷ್ಟ' ಇವೆರಡನ್ನು ಜಾಹೀರಾತಿನವರಿಗೇ ಬಿಡಿ.

ಅತ್ತೆಯ ಚೇಂಬರಿನಲ್ಲಿ 300ಕ್ಕೂ ಹೆಚ್ಚು ಫೈಲುಗಳಿವೆ. ಹದಿಮೂರನೇ ದಿನ ಮುಗಿಸಿ, ಒಂದು ಸ್ಮರಣೆಯ ಕಾರ್ಯಕ್ರಮ ಮಾಡಿ, ಆಮೇಲೆ ನೋಡೋಣ ಅಂತ ಇದ್ದೇವೆ. ತಪ್ಪೇನಿಲ್ಲ ತಾನೆ? — ಅಣ್ಣನ ಮಗ, ಶಿವಮೊಗ್ಗ

ತಪ್ಪಿದೆ. ಕಾರ್ಯಕ್ರಮ ತಡವಾಗಲಿ, ಫೈಲು ತಡವಾಗಬಾರದು.

ವಕೀಲರು ತೀರಿಕೊಂಡ ಕ್ಷಣಕ್ಕೇ ಅವರ ವಕಾಲತ್ತು, ಅಂದರೆ ತಮ್ಮ ಪರ ನಡೆಸಲು ಕಕ್ಷಿದಾರರು ಸಹಿ ಹಾಕಿ ಕೊಟ್ಟ ಅಧಿಕಾರ ಪತ್ರ, ಮುಗಿಯುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೆಯ ಆದೇಶದ 4ನೆಯ ನಿಯಮದಲ್ಲೇ ಹಾಗಿದೆ. ವಕಾಲತ್ತಿನಲ್ಲಿ ಜೂನಿಯರ್ ಸಹಿಯೂ ಇದ್ದರೆ ಅವರು ಮುಂದುವರಿಸಬಹುದು. ಇಲ್ಲದಿದ್ದರೆ ಆ ಕಕ್ಷಿದಾರರ ಪರ ಕೋರ್ಟಿನಲ್ಲಿ ಯಾರೂ ಇಲ್ಲ. ಕಕ್ಷಿದಾರರೇ ಸತ್ತರೆ ವಾರಸುದಾರರನ್ನು ಸೇರಿಸಲು 90 ದಿನ ಇದೆ. ಆ ಲೆಕ್ಕವನ್ನು ವಕೀಲರ ಸಾವಿಗೂ ಹಾಕಿಕೊಂಡು ಕೆಲವರು ಸುಮ್ಮನೆ ಕೂರುತ್ತಾರೆ. ಹಾಗೇನೂ ಇಲ್ಲ. ವಾಯಿದೆ ಬಂದಾಗ ಕೂಗಿದ್ದಕ್ಕೆ ಯಾರೂ ಓಗೊಡದಿದ್ದರೆ ದಾವೆ ವಜಾ ಆಗಬಹುದು, ಅಥವಾ ಎದುರು ಪಕ್ಷಕ್ಕೆ ಏಕಪಕ್ಷೀಯ ಡಿಕ್ರಿ ಸಿಗಬಹುದು. ಎರಡನ್ನೂ ತೆರವು ಮಾಡಿಸಲು ಸಾಮಾನ್ಯ ಅವಧಿ 30 ದಿನ.

ಆದ್ದರಿಂದ ಮೊದಲ ಮೂರು ದಿನದಲ್ಲಿ ಗುಮಾಸ್ತರನ್ನೂ ನಂಬಿಕೆಯ ವಕೀಲರೊಬ್ಬರನ್ನೂ ಕೂರಿಸಿಕೊಂಡು ಈ ವರ್ಷದ ಡೈರಿ ತೆರೆಯಿರಿ. ಇಂದಿನಿಂದ ಒಂದು ತಿಂಗಳ ವಾಯಿದೆಗಳ ಪಟ್ಟಿ ಮಾಡಿ. ಒಬ್ಬ ಕುಟುಂಬದವರು ಬರೆದುಕೊಳ್ಳಲಿ, ಆದರೆ ಫೈಲು ಬಿಚ್ಚಿ ಓದುವುದು ವಕೀಲರ ಕೆಲಸ. ಆ ತಾರೀಖುಗಳಲ್ಲಿ ಸಂಘದವರು ನಿಧನದ ಮೆಮೊ ಕೊಟ್ಟರೆ ಕೋರ್ಟು ಸಾಮಾನ್ಯವಾಗಿ ಕಕ್ಷಿದಾರರಿಗೆ ನೋಟಿಸು ಕಳಿಸಿ ಬೇರೆ ವಕೀಲರನ್ನು ಇಟ್ಟುಕೊಳ್ಳಲು ಸಮಯ ಕೊಡುತ್ತದೆ.

ವಾಯಿದೆಯ ಪಟ್ಟಿಗೆ ಬಾರದ ಅಪಾಯವೇ ದೊಡ್ಡದು. ಇನ್ನೂ ಕೋರ್ಟಿಗೇ ಹೋಗದ ಫೈಲುಗಳಿರುತ್ತವೆ. ಚೆಕ್ ಬೌನ್ಸ್ ತೆಗೆದುಕೊಳ್ಳಿ: ಬ್ಯಾಂಕಿನಿಂದ ಚೆಕ್ ವಾಪಸು ಬಂದ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸು, ನೋಟಿಸು ತಲುಪಿದ ಮೇಲೆ ಹಣ ಕಟ್ಟಲು 15 ದಿನ, ಅದು ಮುಗಿದ ಒಂದು ತಿಂಗಳೊಳಗೆ ದೂರು. ನೋಟಿಸು ಕಳಿಸಿ ಮೇಜಿನ ಡ್ರಾಯರಿನಲ್ಲಿಟ್ಟ ಫೈಲು ಡೈರಿಯಲ್ಲಿ ಕಾಣುವುದೇ ಇಲ್ಲ. ಮೇಲ್ಮನವಿಗೆ ತಂದುಕೊಟ್ಟ ತೀರ್ಪಿನ ಪ್ರತಿಗಳೂ ಹಾಗೇ. ಸಿವಿಲ್ ಡಿಕ್ರಿಯ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ. ಆದ್ದರಿಂದ ಕಪಾಟಿಗಿಂತ ಮೊದಲು ಮೇಜು, ಬ್ಯಾಗು, ಕಾರಿನ ಹಿಂದಿನ ಸೀಟು ನೋಡಿ.

ಫೈಲುಗಳನ್ನು ಕಕ್ಷಿದಾರರಿಗೇ ಕೊಡಬೇಕು. ಫೀಸು ಬಾಕಿ ಇದೆಯೆಂದು ತಡೆಹಿಡಿಯುವಂತಿಲ್ಲ. ವಕೀಲರಿಗೇ ಆ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ, ಇನ್ನು ವಾರಸುದಾರರಿಗೆ ಎಲ್ಲಿಂದ ಬರಬೇಕು? ಒಂದು ಪುಸ್ತಕದಲ್ಲಿ ತಾರೀಖು, ಕೇಸಿನ ನಂಬರು, ಕೊಟ್ಟ ಮೂಲ ದಾಖಲೆಗಳ ಪಟ್ಟಿ, ಪಡೆದವರ ಗುರುತಿನ ಚೀಟಿಯ ವಿವರ, ಸಹಿ ಇರಲಿ. ಮೂಲ ಕ್ರಯಪತ್ರ, ಪ್ರಾಮಿಸರಿ ನೋಟು, ಚೆಕ್ಕು, ಒಡವೆಯ ರಸೀದಿ ಇದ್ದರೆ ಒಂದೊಂದನ್ನೂ ಬೇರೆಯಾಗಿ ಬರೆಯಿರಿ. ಗಂಡ ಹೆಂಡಿರ ಕೇಸಾದರೆ ವಕಾಲತ್ತಿಗೆ ಸಹಿ ಹಾಕಿದವರ ಕೈಗೇ ಕೊಡಬೇಕು, ಅವರ ಅಣ್ಣ ಬಂದರೂ ಇಲ್ಲ. ಎಲ್ಲ ಫೈಲನ್ನೂ ಕಟ್ಟಿ ಒಬ್ಬ ವಕೀಲರಿಗೆ ಒಪ್ಪಿಸಿಬಿಡುವುದು ಸುಲಭ, ಆದರೆ ಅದು ಸರಿಯಲ್ಲ. ಯಾರನ್ನು ಇಟ್ಟುಕೊಳ್ಳಬೇಕೆಂಬುದು ಕಕ್ಷಿದಾರರ ಇಷ್ಟ.

ಸಂಘದಿಂದ, ಪರಿಷತ್ತಿನಿಂದ ಏನಾದರೂ ಬರುತ್ತದೆಯೇ? — ತಂಗಿ, ಹಾಸನ

1983ರ ಕರ್ನಾಟಕ ವಕೀಲರ ಕಲ್ಯಾಣ ನಿಧಿ ಕಾಯ್ದೆಯಡಿ ನಿಧಿಯ ಸದಸ್ಯರಾಗಿದ್ದರೆ ಬರುತ್ತದೆ. ನಾಮಿನಿ ಯಾರೆಂದು ಮೊದಲು ನೋಡಿ. ಮದುವೆಯಾಗದವರು 30 ವರ್ಷದ ಹಿಂದೆ ತಾಯಿಯ ಹೆಸರು ಬರೆದು ಹಾಗೇ ಬಿಟ್ಟಿರುವುದು ಸಾಮಾನ್ಯ. ತಾಯಿಯೂ ಇಲ್ಲವಾಗಿದ್ದರೆ ಹತ್ತಿರದ ವಾರಸುದಾರರ ದಾಖಲೆ ಕೇಳುತ್ತಾರೆ. ಮರಣವನ್ನು 21 ದಿನದೊಳಗೆ ನೋಂದಾಯಿಸಿ. ಪ್ರಮಾಣಪತ್ರದ ಹತ್ತು ಪ್ರತಿ ತೆಗೆಸಿಟ್ಟುಕೊಳ್ಳಿ. ಅದರಲ್ಲಿನ ಹೆಸರೂ ಸನ್ನದಿನ ಹೆಸರೂ ಒಂದೇ ಇರಬೇಕು, ಇನಿಶಿಯಲ್ ಬಿಟ್ಟುಹೋದರೂ ಅರ್ಜಿ ವಾಪಸು ಬರುತ್ತದೆ. ಪರಿಷತ್ತಿನ ಪಟ್ಟಿಯಿಂದ ಹೆಸರು ತೆಗೆಯಲು ಒಂದು ಪತ್ರವನ್ನೂ ಜೊತೆಗೇ ಕೊಡಿ. ಆ ನೋಂದಣಿ ಸಂಖ್ಯೆಯನ್ನು ಬೇರೆ ಯಾರೂ ಬಳಸದಂತೆ ಅದು ಕಾಯುತ್ತದೆ.

ಕೋರ್ಟ್ ಹಾಲಿನಲ್ಲಿ ಸಂತಾಪ ಸಭೆ ಮಾಡುತ್ತಾರಂತೆ. ನಾವೇನು ಒಯ್ಯಬೇಕು? — ಚಿಕ್ಕಮಗಳೂರು

ಒಂದೇ ಪುಟದ ಪರಿಚಯ, ಮೂರು ಪ್ರತಿ, ಹಿಂದಿನ ದಿನವೇ ಸಂಘದ ಕಾರ್ಯದರ್ಶಿಗೆ. ಹುಟ್ಟಿದ ವರ್ಷ, ಓದಿದ ಕಾಲೇಜು, ಸನ್ನದಿನ ವರ್ಷ, ಸೀನಿಯರ್ ಹೆಸರು, ಸರ್ಕಾರಿ ವಕೀಲರೋ ನೋಟರಿಯೋ ಕಾನೂನು ನೆರವಿನ ಪ್ಯಾನೆಲಿನಲ್ಲೋ ಇದ್ದರೆ ಆ ಅವಧಿ. ಕೊರಳಪಟ್ಟಿ ಹಾಕಿರುವ ಫೋಟೊ ಇದ್ದರೆ ಅದನ್ನೇ ಕೊಡಿ. ಸಭೆ ಅರ್ಧ ಗಂಟೆ ದಾಟುವುದಿಲ್ಲ. ಶೋಕ ನಿರ್ಣಯದ ಪ್ರತಿಯನ್ನು ಕೇಳಿ ತೆಗೆದುಕೊಳ್ಳಿ, ತಾನಾಗಿ ಮನೆಗೆ ಬರುತ್ತದೆಂದು ಕಾಯಬೇಡಿ.

64 ಪುಟದ ಸ್ಮರಣ ಸಂಚಿಕೆ ತರಬೇಕೆಂದಿದ್ದೇವೆ. ಎಷ್ಟು ಲೇಖನ ಬೇಕು? — ತುಮಕೂರು

ಡೆಮಿ ಆಕಾರದಲ್ಲಿ, ಓದಲು ಹಿತವಾದ ಅಕ್ಷರದಲ್ಲಿ ಪುಟಕ್ಕೆ 220 ಪದ ಹಿಡಿಸುತ್ತದೆ. ಫೋಟೊ, ಶೀರ್ಷಿಕೆ, ಪರಿಚಯಕ್ಕೆ 14 ಪುಟ ತೆಗೆದರೆ 50 ಪುಟ, ಸುಮಾರು 11,000 ಪದ. ಒಬ್ಬರಿಗೆ 500 ಪದದಂತೆ 20 ಜನ ಸಾಕು. 40 ಜನರನ್ನು ಕೇಳಿದರೆ ಒಂದೇ ಮಾತು 40 ಸಲ ಬರುತ್ತದೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರಶ್ನೆ ಕೊಟ್ಟು ಕೇಳಿ: ಜೂನಿಯರಿಗೆ ಡ್ರಾಫ್ಟಿಂಗ್ ಕಲಿಸಿದ ರೀತಿ, ತಮ್ಮನಿಗೆ ಊರಿನ ಜಮೀನು, ಗೆಳತಿಗೆ ಹಾಸ್ಟೆಲು. ಪುಟಗಳು 16ರ ಗುಣಕದಲ್ಲಿ ಇದ್ದರೆ ಕಾಗದ ಪೋಲಾಗುವುದಿಲ್ಲ. 64ರವರೆಗೆ ನಡುವೆ ಪಿನ್ ಹೊಡೆಯಬಹುದು, ಅದಕ್ಕೂ ಮೇಲೆ ಬೆನ್ನು ಅಂಟಿಸಬೇಕು.

ಫೋಟೊ ನಾಲ್ಕು ಇಂಚು ಅಗಲ ಬರಬೇಕಾದರೆ 1,200 ಪಿಕ್ಸೆಲ್ ಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಲು ಹೇಳಿ. ಹಳೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆಯದೆ ಸ್ಕ್ಯಾನ್ ಮಾಡಿಸಿ.

ಲೇಖನಗಳು ಅರ್ಧ 'ನುಡಿ' ತಂತ್ರಾಂಶದ ಅಕ್ಷರದಲ್ಲಿ, ಅರ್ಧ ಯೂನಿಕೋಡಿನಲ್ಲಿ ಬರುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನೂ 'ಕೋರ್ಟ್‌ನಲ್ಲಿ' ತರಹದವನ್ನೂ ಕಣ್ಣಿಟ್ಟು ನೋಡಿ. ಎರಡನೆಯದು 'ಕೋರ್ಟ್ನಲ್ಲಿ' ಎಂದು ಒತ್ತಾಗಿ ಅಂಟಿಕೊಳ್ಳುತ್ತದೆ. ವಕೀಲರ ಬಗೆಗಿನ ಪುಸ್ತಕದಲ್ಲಿ ಈ ಪದ ಪುಟಕ್ಕೆ ಐದು ಸಲ ಬರುತ್ತದೆ. ತಲೆನೋವೇ ಬೇಡವೆಂದರೆ 'ಕೋರ್ಟಿನಲ್ಲಿ' ಎಂದೇ ಬರೆಸಿ.

ಚೇಂಬರಿನ ಕಾನೂನು ಪುಸ್ತಕಗಳು, ಗೌನು? — ದಾವಣಗೆರೆ

ತಾಲ್ಲೂಕು ಸಂಘದ ಗ್ರಂಥಾಲಯವನ್ನು ಮೊದಲು ಕೇಳಿ, ಆಮೇಲೆ ಲಾರಿ ತರಿಸಿ. ತೀರ್ಪು ವರದಿಗಳ ಹಳೆಯ ಸಂಪುಟಗಳಿಗೆ ಈಗ ಜಾಗ ಕೊಡುವವರು ಕಡಿಮೆ, ಎಲ್ಲ ಕಂಪ್ಯೂಟರಿನಲ್ಲಿದೆ. ದಂಡ ಸಂಹಿತೆ, ಕ್ರಿಮಿನಲ್ ಪ್ರಕ್ರಿಯೆ, ಸಾಕ್ಷ್ಯ ಮೂರೂ 2024ರ ಜುಲೈ 1ರಿಂದ ಬದಲಾದವು, ಆದರೆ ಅದಕ್ಕೂ ಹಿಂದಿನ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಬೇಕು. ಅವನ್ನು ಎಸೆಯಬೇಡಿ. ಅಂಚಿನಲ್ಲಿ ಅವರೇ ಪೆನ್ಸಿಲಿನಲ್ಲಿ ಟಿಪ್ಪಣಿ ಮಾಡಿದ ಪುಸ್ತಕಗಳನ್ನು ಬೇರೆ ತೆಗೆಯಿರಿ. ಅವುಗಳೊಳಗೆ ಕಕ್ಷಿದಾರರ ಚೀಟಿ ಸಿಕ್ಕಿಕೊಂಡಿದೆಯೇ ಎಂದು ಪುಟ ಕೊಡವಿ ನೋಡಿ. ಗೌನು ಅದೇ ಅಳತೆಯ ಹೊಸ ವಕೀಲೆಗೆ ಕೊಡಿ, ಭುಜದ ಹೊಲಿಗೆ ಬಿಚ್ಚಿ ಹೊಂದಿಸಿಕೊಳ್ಳಬಹುದು.

ಚೇಂಬರಿನ ಹೊರಗಿನ ಬೋರ್ಡು ತೆಗೆಯಲು ಅಮ್ಮ ಒಪ್ಪುತ್ತಿಲ್ಲ. — ಅಣ್ಣನ ಮಗಳು, ಬೆಂಗಳೂರು

ಬೋರ್ಡು ನೋಡಿ ಹೊಸ ಕಕ್ಷಿದಾರರು ಬಂದು ಬಾಗಿಲು ತಟ್ಟುತ್ತಾರೆ, ಅದೇ ತೊಂದರೆ. ಫೈಲುಗಳೆಲ್ಲ ಹಿಂತಿರುಗುವವರೆಗೆ ಇರಲಿ. ಕೆಳಗೆ ಒಂದು ಹಾಳೆ ಅಂಟಿಸಿ: ನಿಧನದ ತಾರೀಖು, ಫೈಲು ಪಡೆಯಲು ಬರಬೇಕಾದ ದಿನ ಮತ್ತು ಹೊತ್ತು, ಗುಮಾಸ್ತರ ಫೋನು. ಬಿಸಿಲಿಗೆ ಮಾಸದಂತೆ ಪ್ಲಾಸ್ಟಿಕ್ ಹೊದಿಸಿ. ಕೊನೆಯ ಫೈಲು ಹೋದ ದಿನ ನಾಲ್ಕು ಸ್ಕ್ರೂ ಬಿಚ್ಚಿ ಬೋರ್ಡನ್ನು ಮನೆಗೆ ತನ್ನಿ. ಹಿತ್ತಾಳೆಯದಾದರೆ ಹುಣಸೆಹಣ್ಣು ಹಚ್ಚಿ ತಿಕ್ಕಿ. ಅಮ್ಮನಿಗೆ ಎಲ್ಲಿ ಬೇಕೋ ಅಲ್ಲಿ ಗೋಡೆಗೆ ಹಾಕಿಸಿಕೊಳ್ಳಲಿ.